‘ಜೈವವಳಂ’ ಕನ್ನಡದಲ್ಲಿ ಜೈವಿಕ ಗೊಬ್ಬರವೇ?

ಪ್ರಶ್ನೆ: ಕಾಸರಗೋಡಿನಲ್ಲಿ ತೆಂಗಿನ ನಾರಿನ ಹುಡಿಯಿಂದ ಗೊಬ್ಬರ ಮಾಡುವ ಘಟಕವೊಂದಕ್ಕೆ ಸಹಾಯಧನ ಕೋರುವ ಯೋಜನಾ ವರದಿ ಮಲಯಾಳದಿಂದ ಕನ್ನಡಕ್ಕೆ ಆಗಬೇಕಿದೆ. ಮೂಲದಲ್ಲಿ ‘ಜೈವವಳಂ’, ‘ಗುಣಭೋಕ್ತೃ ವಿಹಿತಂ’ ಎಂದಿದೆ. ಜೈವಿಕ ಗೊಬ್ಬರ, ಗುಣಭೋಕ್ತೃ ವಿಹಿತ ಎಂದೇ ಬರೆಯಬಹುದೇ?

ಉತ್ತರ: ಎರಡೂ ಬೇಡ. ಮಲಯಾಳದ ಜೈವವಳಂ ಎಂದರೆ ನಮ್ಮ ಸಾವಯವ ಗೊಬ್ಬರ. ನಾವು ಜೈವಿಕ ಗೊಬ್ಬರ ಅನ್ನುವುದಕ್ಕೆ ಅವರಲ್ಲಿ ‘ಜೀವಾಣುವಳಂ’ ಎಂಬ ಬೇರೆ ಮಾತೇ ಇದೆ: ರೈಜೋಬಿಯಂ, ಅಜೋಸ್ಪಿರಿಲಂನಂಥ ಜೀವಂತ ಸೂಕ್ಷ್ಮಾಣುಗಳ ಪುಡಿ ಅಥವಾ ದ್ರವ. 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2006ರಲ್ಲಿ ಸಾವಯವ, ಜೈವಿಕ ಗೊಬ್ಬರಗಳೆರಡೂ ಸೇರಿದಾಗ ಬೇರೆ ಬೇರೆ ಅನುಸೂಚಿಗಳಲ್ಲೇ ಕೂತವು. ಅಜೋಸ್ಪಿರಿಲಂ ಪುಡಿಯಾದರೆ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವವಾದರೆ ಮಿಲಿಲೀಟರಿಗೆ 10 ಕೋಟಿ ಜೀವಂತ ಕೋಶಗಳಿರಬೇಕು. ನಾರಿನ ಹುಡಿಯ ಗೊಬ್ಬರಕ್ಕೆ ಈ ಎಣಿಕೆ ಇಲ್ಲ. ಅಲ್ಲಿ ನೋಡುವುದು ಸಾವಯವ ಇಂಗಾಲ, ಇಂಗಾಲ–ಸಾರಜನಕದ ಅನುಪಾತ, ತೇವಾಂಶ. ಹುಡಿ ಬೇಗ ಕೊಳೆಯಲೆಂದು ಪ್ಲೂರೋಟಸ್ ಅಣಬೆಯ ಬೀಜ ಹಾಕಿದರೂ ಅದು ಜೈವಿಕ ಗೊಬ್ಬರ ಆಗುವುದಿಲ್ಲ. ಅಣಬೆಯದು ನಾರನ್ನು ಗಟ್ಟಿಯಾಗಿಸುವ ಲಿಗ್ನಿನ್ ಎಂಬ ಅಂಶವನ್ನು ಒಡೆಯುವ ಕೆಲಸ ಮಾತ್ರ.

ಪದ ತಪ್ಪಿದರೆ ಹಣದ ಲೆಕ್ಕವೂ ತಪ್ಪುತ್ತದೆ. ಸುಸ್ಥಿರ ಕೃಷಿಯ ರಾಷ್ಟ್ರೀಯ ಮಿಷನ್‌ನ ಮಾರ್ಗಸೂಚಿಯಲ್ಲಿ, ಕೃಷಿತ್ಯಾಜ್ಯವನ್ನು ಯಂತ್ರದಿಂದ ಕಾಂಪೋಸ್ಟ್ ಮಾಡುವ ಖಾಸಗಿ ಘಟಕಕ್ಕೆ (ವರ್ಷಕ್ಕೆ 3000 ಟನ್) ನಬಾರ್ಡ್ ಮೂಲಕ ವೆಚ್ಚದ ಶೇ. 33, ಗರಿಷ್ಠ 63 ಲಕ್ಷ ರೂ. ಇಟ್ಟಿದ್ದರು. ಜೈವಿಕ ಗೊಬ್ಬರದ ಘಟಕಕ್ಕೆ (200 ಟನ್) ಶೇ. 25, ಗರಿಷ್ಠ 40 ಲಕ್ಷ. ಜೈವಿಕ ಎಂದು ಬರೆದು ಕೊಟ್ಟರೆ, ಪರಿಶೀಲಿಸುವವರು ಯಂತ್ರಗಳ ಪಟ್ಟಿಯಲ್ಲಿ ಸೂಕ್ಷ್ಮಾಣು ಬೆಳೆಸುವ ಫರ್ಮೆಂಟರ್, ಹಬೆಯಿಂದ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವ್ ಹುಡುಕುತ್ತಾರೆ. ಸಿಗುವುದು ಜರಡಿ, ಹುಡಿ ತಿರುವುವ ಯಂತ್ರ. ಕಡತ ಅಲ್ಲೇ ನಿಲ್ಲುತ್ತದೆ.

ಜೈವಿಕ ಗೊಬ್ಬರಕ್ಕೆ ಕರ್ನಾಟಕದಲ್ಲಿ ‘ಜೀವಾಣು ಗೊಬ್ಬರ’ ಎಂಬ ಮಾತೂ ಬಳಕೆಯಲ್ಲಿದೆ. ಎರಡೂ ಭಾಷೆ ಓದುವ ಕಾಸರಗೋಡಿನವರಿಗೆ ನನ್ನ ಆಯ್ಕೆ ಅದೇ. ‘ಜೈವ’ದ ಗೊಂದಲವೇ ಏಳುವುದಿಲ್ಲ.

ಇನ್ನು ವಿಹಿತ. ಮಲಯಾಳದಲ್ಲಿ ಅದು ಪಾಲು; ಕನ್ನಡದಲ್ಲಿ ಶಾಸ್ತ್ರವಿಹಿತದ ವಿಹಿತ, ಅಂದರೆ ವಿಧಿಸಿದ್ದು, ಹಣದ ಪಾಲಲ್ಲ. ‘ಕೇಂದ್ರ ವಿಹಿತಂ’ ಇದ್ದಲ್ಲಿ ಕೇಂದ್ರದ ಪಾಲು ಎನ್ನಿ. ಆದರೆ ‘ಗುಣಭೋಕ್ತೃ ವಿಹಿತಂ’ಗೆ ‘ಫಲಾನುಭವಿಯ ಪಾಲು’ ಎಂದರೆ ಅವರಿಗೆ ಸಿಗುವ ಹಣ ಎಂದು ಓದಿಕೊಳ್ಳುವ ಅಪಾಯವಿದೆ. ಅದು ಅವರು ಕೈಯಿಂದ ಹಾಕಬೇಕಾದ ಮೊತ್ತ. ‘ಫಲಾನುಭವಿಯ ವಂತಿಗೆ’ ಎಂದೇ ಬರೆಯಿರಿ.