ಪದಚರ್ಚೆ: ಎದೆಸ್ನಾಯು ‘ಸೆಳೆತ’ವೋ, ‘ಹರಿತ’ವೋ, ‘ಕಿತ್ತುಬರುವುದೋ’?

ಮಾನ್ಯರೇ,

ಉಡುಪಿಯ ಜಿಮ್‌ಗಳ ಗೋಡೆಗೆ ಅಂಟಿಸಲೆಂದು ಎದೆಸ್ನಾಯುವಿನ ಗಾಯದ ಬಗ್ಗೆ ಒಂದು ಪುಟದ ತಿಳಿವಳಿಕೆ ಪತ್ರವನ್ನು ಬರೆಯುತ್ತಿದ್ದು, ಕೆಲವು ಪದಗಳ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಕೇಳಬಯಸುತ್ತೇನೆ.

ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಭಾರ ಎತ್ತುವ ವ್ಯಾಯಾಮ) ಮಾಡುವವರು ಭಾರದ ರಾಡನ್ನು ಎದೆಯತ್ತ ಇಳಿಸುವ ಹೊತ್ತಿನಲ್ಲಿ, ಬಿಗಿಯಾಗಿದ್ದುಕೊಂಡೇ ಉದ್ದಕ್ಕೆ ಎಳೆಯಲ್ಪಡುವ ಪೆಕ್ಟೊರಾಲಿಸ್ ಮೇಜರ್ ಎಂಬ ಎದೆಯ ದೊಡ್ಡ ಸ್ನಾಯು ಒಮ್ಮೆಲೇ ಹರಿಯುವುದುಂಟು. ‘ಟಪ್’ ಎಂದು ಸದ್ದಾದ ಅನುಭವವನ್ನು ಹಲವರು ಹೇಳುತ್ತಾರೆ. ಬಳಿಕ ತೋಳಿನ ಮೇಲ್ಭಾಗ ನೀಲಿಗಟ್ಟುತ್ತದೆ, ಕಂಕುಳಿನ ಮುಂಬದಿಯ ದಪ್ಪ ಮಡಿಕೆ ತೆಳುವಾಗಿ ಕಾಣುತ್ತದೆ. ಇದನ್ನೂ ‘ಸ್ನಾಯು ಸೆಳೆತ’ ಎಂದೇ ಬರೆಯುವವರಿದ್ದಾರೆ. ಆಡುಮಾತಿನಲ್ಲಿ ಇದು ‘ನರ ಹಿಡಿದದ್ದು’ ಅಥವಾ ‘ಉಳುಕಿದ್ದು’. ಉಳುಕೆಂದು ನಂಬಿದವರು ಎಣ್ಣೆ ತಿಕ್ಕಿಸಿಕೊಂಡು ವಾರಗಟ್ಟಲೆ ಕಾದುಬಿಡುತ್ತಾರೆ ಎಂಬುದೇ ನನ್ನ ಆತಂಕ.

ಸ್ನಾಯುವಿನ ಎಳೆಗಳು ಭಾಗಶಃ ಹರಿದಿದ್ದರೆ ವಿಶ್ರಾಂತಿ, ಮಂಜುಗಡ್ಡೆಯ ತಂಪು, ಕೈಗೆ ಜೋಲಿ, ಆಮೇಲೆ ಫಿಸಿಯೊಥೆರಪಿ ಸಾಕಾಗಬಹುದು. ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ (ಟೆಂಡನ್), ತೋಳಿನ ಮೂಳೆಯಿಂದಲೇ ಬೇರ್ಪಟ್ಟಿದ್ದರೆ, ಮತ್ತೆ ಭಾರ ಎತ್ತಬೇಕೆನ್ನುವ ಕ್ರೀಡಾಪಟುವಿಗೆ ವೈದ್ಯರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನೇ ಸೂಚಿಸುತ್ತಾರೆ. ತಡವಾದಷ್ಟೂ ರಜ್ಜುವಿನ ತುದಿ ಎದೆಯತ್ತ ಸರಿದು ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಳ್ಳುವುದರಿಂದ, ಶಸ್ತ್ರಚಿಕಿತ್ಸೆ ಮೊದಲ ಕೆಲವು ವಾರಗಳೊಳಗೇ ಆಗುವುದು ಒಳ್ಳೆಯದು. ಯಾವ ಬಗೆಯ ಗಾಯವೆಂಬುದನ್ನು ಎಂಆರ್‌ಐ ತೋರಿಸುತ್ತದೆ. ಆಪರೇಷನ್ ಆದವರು ಪೂರ್ಣ ಭಾರಕ್ಕೆ ಮರಳಲು ಸುಮಾರು 6 ತಿಂಗಳು ಬೇಕಾಗುತ್ತದೆ.

ಚಿಕಿತ್ಸೆಯೇ ಬೇರೆಯಾಗುವಲ್ಲಿ ಪದವೂ ಬೇರೆಯಾಗಿರಬೇಕು. ‘ಹರಿತ’ ಎಂದೊಡನೆ ಚೂರಿಯ ಅಲಗು ನೆನಪಾಗುತ್ತದೆ. ‘ಸೀಳು’ ಎಂದರೆ ಉದ್ದುದ್ದಕ್ಕೆ ಬಿಟ್ಟುಕೊಂಡಂತೆ ಭಾಸವಾಗುತ್ತದೆ. ‘ಸ್ನಾಯು ಹರಿದಿದೆ’ ಎಂಬ ಕ್ರಿಯಾರೂಪ ಎಲ್ಲರಿಗೂ ತಿಳಿಯುವಂಥದ್ದು, ಆದರೆ ತಲೆಬರಹಕ್ಕೆ ನಾಮಪದವೊಂದು ಬೇಕಾಗಿದೆ. ಇನ್ನು ‘ಸ್ನಾಯು’ವಿನದೇ ಒಂದು ತೊಡಕು: ಇಂದಿನ ಕನ್ನಡದಲ್ಲಿ ಅದು ಮಾಂಸಖಂಡ; ಆಯುರ್ವೇದದಲ್ಲಾದರೋ ಮಾಂಸಖಂಡಕ್ಕೆ ‘ಪೇಶಿ’ ಎನ್ನುತ್ತಾರೆ, ‘ಸ್ನಾಯು’ ಎಂದರೆ ಕಟ್ಟುವ ತಂತು. ಆಯುರ್ವೇದ ಓದಿದವರು ಬಹಳಷ್ಟು ಮಂದಿ ಇರುವ ಉಡುಪಿಯಲ್ಲಿ ಇದನ್ನು ಕಡೆಗಣಿಸುವಂತಿಲ್ಲ.

ಎಳೆಗಳು ಹರಿದದ್ದಕ್ಕೆ ‘ಸ್ನಾಯು ಹರಿಯುವಿಕೆ’, ಮೂಳೆಯಿಂದ ಬೇರ್ಪಟ್ಟದ್ದಕ್ಕೆ ‘ರಜ್ಜು ಕಿತ್ತುಬರುವಿಕೆ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ‘ರಜ್ಜು’ವಿಗೆ ಬದಲಾಗಿ, ಜಿಮ್ಮಿಗೆ ಬರುವ ಹುಡುಗರಿಗೆ ಓದಿದೊಡನೆ ತಿಳಿಯುವ, ‘ನರ’ದೊಂದಿಗೆ ಗೊಂದಲವಾಗದ ಪದ ಕರಾವಳಿಯ ಕನ್ನಡದಲ್ಲಿ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿರಿ.