ಕುದುರೆ ಮೈ ತೊಳೆಯೋಕೆ ಯಾವ ಸೋಪು?

ಟಾಂಗಾಮನೆ: ಮೈಸೂರಲ್ಲಿ ನಮ್ಮದೊಂದು ಟಾಂಗಾ ಇದೆ. ಕುದುರೆಗೆ ಬಟ್ಟೆ ಸೋಪು ಹಾಕಿ ಉಜ್ಜುತ್ತಿದ್ದೆ. ಈಗ ಪಟ್ಟಿ ಕಟ್ಟುವ ಜಾಗದಲ್ಲಿ ಹೊಟ್ಟು ಏಳುತ್ತಿದೆ, ರಾತ್ರಿಯೆಲ್ಲ ಕಂಬಕ್ಕೆ ಮೈ ತಿಕ್ಕುತ್ತದೆ. ಸೋಪಲ್ಲಿ ಅಂಥದ್ದೇನಿರುತ್ತೆ?

ಎಣ್ಣೆಗಾಣ: ಎಣ್ಣೆ ಅಥವಾ ಕೊಬ್ಬಿಗೆ ಕಾಸ್ಟಿಕ್ ಸೋಡಾ ಬೆರೆಸಿದರೆ ಸೋಪು, ಜೊತೆಗೆ ಗ್ಲಿಸರಿನ್. ಸೋಡಾ ಬದಲು ಕಾಸ್ಟಿಕ್ ಪೊಟ್ಯಾಷ್ ಹಾಕಿದರೆ ಮೆತ್ತನೆ ಸೋಪು. ಎಷ್ಟೇ ಚೆನ್ನಾಗಿ ಮಾಡಿದರೂ ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7 ದಾಟಿದರೆ ಕ್ಷಾರ) 9–10 ಇರುತ್ತದೆ, ಕುದುರೆ ಚರ್ಮದ್ದು 7ರ ಆಸುಪಾಸು. ಬಟ್ಟೆ ಸೋಪಿಗೆ ಎಷ್ಟೋ ಸಲ ವಾಷಿಂಗ್ ಸೋಡಾನೂ ಸೇರಿಸಿರುತ್ತಾರೆ, ಚರ್ಮದ ಜಿಡ್ಡೆಲ್ಲ ಎಳೆದುಬಿಡುತ್ತದೆ.

ಲಾಯದವನು: ಹೆಸರು ನೋಡಿ ಸ್ಯಾಡಲ್ ಸೋಪ್ ತಂದೀರ ಮತ್ತೆ! ಅದು ಜೀನಿನ ಚರ್ಮಕ್ಕೆ, ನಾನೂ ಒಮ್ಮೆ ಮೋಸ ಹೋಗಿದ್ದೆ. ಬೆವರಿಗೆ ಬರೀ ನೀರು ಸಾಕು, ಕೊಳೆ ಜಾಸ್ತಿ ಇದ್ದಾಗ ಮಾತ್ರ ಕುದುರೆ ಶಾಂಪೂ ತೆಳ್ಳಗೆ ಮಾಡಿ ಹಾಕಿ. ನೊರೆ ಪೂರ್ತಿ ಹೋಗಬೇಕು, ಹೊಟ್ಟೆಯಡಿ ಕೈಯಾಡಿಸಿ ನೋಡಿ, ಜಾರಿದರೆ ಇನ್ನೂ ಸೋಪಿದೆ ಅಂತ.

ಟಾಂಗಾಮನೆ: ಅಂಟುವಾಳ ನಡೆಯುತ್ತಾ? ಅಜ್ಜ ಅದರಲ್ಲೇ ತೊಳೆಯುತ್ತಿದ್ದರು.

ಲಾಯದವನು: ನಡೆಯುತ್ತೆ, ಆದರೆ ಕಣ್ಣಿಗೆ ಬಿದ್ದರೆ ಒದೆ ಗ್ಯಾರಂಟಿ. ಮೊದಲು ಆ ಹೊಟ್ಟನ್ನ ಪಶುವೈದ್ಯರಿಗೆ ತೋರಿಸಿ, ಸುಮ್ನೆ ತಪ್ಪೆಲ್ಲ ಸೋಪಿನ ಮೇಲೇ ಹಾಕಬೇಡಿ, ಹುಳುಕಡ್ಡಿಯೂ ಇರಬಹುದು.