ಯೆಲ್ಲೋಸ್ಟೋನ್‌ಗೆ ಆರ್‌ವಿ: ಕುಕ್ಕರ್, ಮಿಕ್ಸಿ ಇಲ್ಲಿಂದ ಒಯ್ಯಬೇಕಾ?

ಕೌಲ್‌ಬಜಾರ್_ಬಳ್ಳಾರಿ:
ಮುಂದಿನ ಜೂನ್‌ನಲ್ಲಿ ನಾನು, ಮನೆಯಾಕಿ ಸಾಲ್ಟ್ ಲೇಕ್ ಸಿಟಿಗೆ ಮಗನ ಹತ್ರ ಹೊಂಟೀವಿ. ಅಲ್ಲಿಂದ ಮಗ, ಸೊಸೆ ಸೇರಿ ನಾಲ್ಕು ಜನ ಆರ್‌ವಿ (ಒಳಗ ಅಡುಗೆಮನೆ, ಹಾಸಿಗೆ, ಕಕ್ಕಸ ಇರೋ ಗಾಡಿ) ಬಾಡಿಗೆ ಹಿಡಿದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಾಗ ಮೂರು ರಾತ್ರಿ ಇರೋ ವಿಚಾರ. ಗಾಡಿ ಎಷ್ಟುದ್ದ ಇರಬೇಕು? ಎಲ್ಲಿ ತಂಗೋದು? ಅಡುಗೆ ಸಾಮಾನು ಏನೇನು ಒಯ್ಯೋದು?

ಗಂಗಾವತಿ_ಭತ್ತ:
ನಾಲ್ಕು ಜನಕ್ಕ 25 ಅಡಿ ಸಾಕ್ರಿ. ಅದಕ್ಕಿಂತ ಉದ್ದ ಆದ್ರ ಗ್ರ್ಯಾಂಡ್ ಪ್ರಿಸ್ಮಾಟಿಕ್ ಬಿಸಿನೀರ ಬುಗ್ಗೆ ಹತ್ರ ಗಾಡಿ ನಿಲ್ಸಾಕ ಜಾಗ ಸಿಗೋದು ಕಷ್ಟ, ಬೆಳಿಗ್ಗೆ ಹತ್ತರೊಳಗ ಹೋಗಿಬಿಡ್ರಿ. ಪಾರ್ಕಿನೊಳಗ ಕರೆಂಟು, ನೀರು, ಚರಂಡಿ ಮೂರೂ ಇರೋದು ಫಿಶಿಂಗ್ ಬ್ರಿಜ್ ಅನ್ನೋ ಆರ್‌ವಿ ತಂಗುದಾಣದಾಗ ಮಾತ್ರ. ಕರಡಿ ಕಾಟಕ್ಕ ಅಲ್ಲಿ ಟೆಂಟ್ ಬಿಡಂಗಿಲ್ಲ, ಗಟ್ಟಿ ಗೋಡೆ ಗಾಡಿಗಳೇ ಬೇಕು. ಬುಕಿಂಗ್ ವರ್ಷದ ಮೊದಲೇ ತೆರೀತದ. ಈಗ ಖಾಲಿ ಇಲ್ಲಂದ್ರೂ ರದ್ದಾದ ಜಾಗ ಬರ್ತಿರ್ತಾವ, ದಿನಾ ನೋಡ್ರಿ. ಮ್ಯಾಡಿಸನ್ ತಂಗುದಾಣದಾಗ ಸಿಕ್ರೂ ಆದೀತು, ಓಲ್ಡ್ ಫೇಯ್ತ್‌ಫುಲ್ ಅನ್ನೋ ಬಿಸಿನೀರ ಚಿಲುಮೆಗೆ ಅಲ್ಲಿಂದ 16 ಮೈಲಿ. ಆದ್ರ ಕರೆಂಟಿಲ್ಲ, ರಾತ್ರಿ 8ರಿಂದ ಬೆಳಿಗ್ಗೆ 8ರ ತನಕ ಜನರೇಟರ್ ಹಚ್ಚಂಗಿಲ್ಲ.

ರೊಕ್ಕದ ಲೆಕ್ಕದಾಗ ಇದನ್ನ ಮರೀಬ್ಯಾಡ್ರಿ: 2026ರಿಂದ ಹೊರದೇಶದವರಿಗೆ ತಲಾ 100 ಡಾಲರ್ ಹೆಚ್ಚುವರಿ ಪ್ರವೇಶ ಶುಲ್ಕ.

ರಾಯಚೂರು_ಬಿಸಿಲು:
ಮಿಕ್ಸಿ ಬೇಡವೇ ಬೇಡ. ನಮ್ಮದು 230 ವೋಲ್ಟಿನದು, ಅಲ್ಲಿ 120. ಮೋಟಾರು ಮೆಲ್ಲಗೆ ತಿರುಗುತ್ತೆ, ಕೊಬ್ಬರಿ ಹಾಗೇ ಉಳಿಯುತ್ತೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ ಒಯ್ಯಿರಿ, ಗ್ಯಾಸೂ ಉಳಿಯುತ್ತೆ. ವಿಮಾನ ಇಳಿದಾಗ ಕಸ್ಟಮ್ಸ್‌ನಲ್ಲಿ ತಿನಿಸು ಇದೆ ಅಂತ ಹೇಳಲೇಬೇಕು.

ಕುಕ್ಕರ್ ಮಾತ್ರ ಬೇಕೇಬೇಕು. ಯೆಲ್ಲೋಸ್ಟೋನ್ ಕೆರೆ 7,700 ಅಡಿ ಎತ್ತರದಲ್ಲಿದೆ, ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತೆ. ತೆರೆದ ಪಾತ್ರೆಯಲ್ಲಿ ಬೇಳೆ ಕುದೀತಾನೇ ಇರುತ್ತೆ, ಬೇಯಲ್ಲ. ಬೇಳೆ ನೆನೆಹಾಕಿ, ಕುಕ್ಕರಿನಲ್ಲೂ ಎರಡು ಸೀಟಿ ಹೆಚ್ಚಿಗೆ ಕೂಗಿಸಿ. ಸಣ್ಣ ಆರ್‌ವಿಗೆ 30 ಆಂಪ್, ಅಂದರೆ 3,600 ವಾಟ್ ಒಟ್ಟು. ಎಸಿ, ಮೈಕ್ರೋವೇವ್, ನೀರು ಕಾಯಿಸೋ ಕೆಟಲ್ ಮೂರೂ ಒಟ್ಟಿಗೆ ಹಚ್ಚಿದರೆ ಬ್ರೇಕರ್ ಬೀಳುತ್ತೆ. ಊಟ ಆದಮೇಲೆ ಒಂದು ತಟ್ಟೆಯನ್ನೂ ಹೊರಗೆ ಬಿಡಬೇಡಿ, ವಾಸನೆಗೆ ಕರಡಿ ಬರುತ್ತೆ.

ಕೌಲ್‌ಬಜಾರ್_ಬಳ್ಳಾರಿ:
ಮಿಕ್ಸಿ ಬಿಟ್ಟೆ. ಕಕ್ಕಸದ ಟ್ಯಾಂಕಿಂದೇ ಅಂಜಿಕೆ ನೋಡ್ರಿ. ಮತ್ತ ಚಳಿ?

ಗಂಗಾವತಿ_ಭತ್ತ:
ಕಪ್ಪು ಟ್ಯಾಂಕ್ ಕಕ್ಕಸದ್ದು, ಬೂದು ಟ್ಯಾಂಕ್ ಸ್ನಾನ, ಪಾತ್ರೆ ತೊಳೆದ ನೀರಿಂದು. ಚರಂಡಿಗೆ ಪೈಪ್ ಜೋಡಿಸಿದ್ರೂ ಕಪ್ಪು ವಾಲ್ವ್ ಮುಚ್ಚೇ ಇರ್ಲಿ. ತೆರೆದಿಟ್ರ ನೀರಷ್ಟೇ ಹರಿದುಹೋಗ್ತದ, ಗಟ್ಟಿದು ತಳದಾಗ ಗುಡ್ಡ ಕಟ್ತದ, ಆಮೇಲೆ ಏನ್ ಮಾಡಿದ್ರೂ ಕದಲಂಗಿಲ್ಲ. ಮುಕ್ಕಾಲು ತುಂಬಿದ ಮ್ಯಾಲ ಗ್ಲೌಸ್ ಹಾಕ್ಕೊಂಡು ಮೊದಲು ಕಪ್ಪು, ಆಮೇಲೆ ಬೂದು ಬಿಡ್ರಿ. ಸೋಪಿನ ನೀರು ಪೈಪ್ ತೊಳೀತದ. ನಮ್ಮಂಗ ಚೊಂಬಿನ ನೀರು ಬಳಸಿದ್ರ ಟ್ಯಾಂಕಿಗೆ ಒಳ್ಳೇದೇ, ಬೇಗ ತುಂಬ್ತದ ಅಷ್ಟ.

ಜೂನ್‌ನಾಗೂ ರಾತ್ರಿ ಸೊನ್ನೆ ಡಿಗ್ರಿ ಮುಟ್ಟೀತು. ಮಲಗೋ ಮೊದಲು ಹೊರಗಿನ ನೀರಿನ ಪೈಪ್ ಬಿಚ್ಚಿ, ಒಳಗಿನ ಟ್ಯಾಂಕ್ ನೀರು ಬಳಸ್ರಿ, ಇಲ್ಲಂದ್ರ ಪೈಪಿನಾಗ ನೀರು ಹೆಪ್ಪುಗಟ್ಟತದ. ಹೀಟರ್ ಉರಿಯೋದು ಗ್ಯಾಸಿನಿಂದ, ಆದ್ರ ಅದರ ಫ್ಯಾನ್ ಬ್ಯಾಟರಿ ತಿಂತದ. ಮ್ಯಾಡಿಸನ್‌ನಾಗ ಇದ್ರ ಥರ್ಮೋಸ್ಟಾಟ್ 15 ಡಿಗ್ರಿ ಸೆಲ್ಸಿಯಸ್‌ಗೆ (ಅಲ್ಲಿನ ಫ್ಯಾರನ್‌ಹೀಟ್ ಲೆಕ್ಕದಾಗ ಸುಮಾರು 60) ಇಟ್ಟು ಎರಡು ಕಂಬಳಿ ಹೊದ್ಕೊಳ್ರಿ.